ಹಳೇ ಆಕ್ಟಿವಾವನ್ನು ದಿನದ ಓಡಾಟಕ್ಕೆ ಸಜ್ಜು ಮಾಡುವುದು: ಸಮಗ್ರ ಮಾರ್ಗದರ್ಶಿ

ಸೆಕೆಂಡ್ ಹ್ಯಾಂಡ್ ಸ್ಕೂಟರ್ ಮನೆಗೆ ಬಂದ ಕೂಡಲೇ ಹೆಚ್ಚಿನವರು ದುಡ್ಡು ಸುರಿಯುವುದು ಸೀಟ್ ಕವರ್, ಮ್ಯಾಟ್, ಪಾಲಿಶ್‌ಗೆ. ದಿನಾ ಆಫೀಸಿಗೆ ಹೋಗಿ ಬರುವ ಗಾಡಿಗೆ ಇವು ಯಾವುವೂ ಮೊದಲ ಖರ್ಚಲ್ಲ. ಗಾಡಿ ಬ್ರೇಕ್ ಹಿಡಿದಲ್ಲಿ ನಿಲ್ಲಬೇಕು, ನೆಟ್ಟಗೆ ಓಡಬೇಕು, ಬೆಳಿಗ್ಗೆ ಸ್ಟಾರ್ಟ್ ಆಗಬೇಕು. ಮೈಲೇಜ್, ಪಿಕಪ್ ಎಲ್ಲ ಆಮೇಲೆ. ಈ ಕ್ರಮದಲ್ಲೇ ಖರ್ಚು ಮಾಡಿದರೆ ಬಜೆಟ್ ಅರ್ಧದಲ್ಲೇ ಮುಗಿದರೂ ಕೈಯಲ್ಲಿ ಓಡಿಸಬಹುದಾದ ಗಾಡಿ ಉಳಿಯುತ್ತದೆ.

ಇನ್ನೊಂದು ಮಾತು. "ಎಂಜಿನ್ ಹೋಗಿದೆ ಸಾರ್, ಬೋರ್ ಮಾಡಿಸಬೇಕು" (ಪಿಸ್ಟನ್ ಓಡಾಡುವ ಸಿಲಿಂಡರನ್ನು ಕೊರೆಸುವುದು) ಎಂದು ಮೆಕ್ಯಾನಿಕ್ ಅಂದ ತಕ್ಷಣ ತಲೆಯಾಡಿಸಬೇಡಿ. ಪಿಕಪ್ ಇಲ್ಲ, ಮೈಲೇಜ್ ಇಲ್ಲ, ಮುಕ್ಕರಿಸುತ್ತದೆ ಎಂಬ ದೂರುಗಳಲ್ಲಿ ಬಹಳಷ್ಟು ಬೆಲ್ಟ್, ರೋಲರ್, ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಅಥವಾ ಬಿಗಿ ಹಿಡಿದ ಬ್ರೇಕಿನಿಂದ ಬರುವಂಥವು. ಎಂಜಿನ್ ಬಿಚ್ಚುವ ಮುಂಚೆ ಅವನ್ನೆಲ್ಲ ನೋಡಿ ಮುಗಿಸಿರಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕಾರ್ಬುರೇಟರ್ ಇರುವ 110 ಸಿಸಿ ಹೋಂಡಾ ಆಕ್ಟಿವಾ, ಅಂದರೆ 2009ರಿಂದ 5ಜಿ ವರೆಗಿನ ಮಾದರಿಗಳು. 2020ರ ಜನವರಿಯಲ್ಲಿ ಬಂದ 6ಜಿಯಿಂದ ಮುಂದೆ ಫ್ಯೂಯೆಲ್ ಇಂಜೆಕ್ಷನ್. ಅದರ ರಿಪೇರಿಗೆ ಸ್ಕ್ಯಾನರ್ ಬೇಕಾಗುತ್ತದೆ. ಹಳೆಯದನ್ನು ಮನೆ ಮುಂದೆಯೇ ಪಾನಾ ಹಿಡಿದು ಸರಿಮಾಡಬಹುದು, ಬಿಡಿಭಾಗ ಊರೂರಲ್ಲೂ ಸಿಗುತ್ತದೆ. ಜುಪಿಟರ್, ಆಕ್ಸೆಸ್, ಡಿಯೊಗಳಿಗೂ ಕೆಲಸದ ಕ್ರಮ ಇದೇ. ಅಳತೆಗಳನ್ನು ಮಾತ್ರ ಆಯಾ ಗಾಡಿಯ ಮ್ಯಾನ್ಯುವಲ್‌ನಲ್ಲಿ ನೋಡಿಕೊಳ್ಳಿ.

ದುಡ್ಡು ಕೊಡುವ ಮುಂಚೆ

ನೋಡಲು ಬೆಳಿಗ್ಗೆಯೇ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿಬಿಡಿ. ಹೋದ ಕೂಡಲೇ ಎಂಜಿನ್ ಹತ್ತಿರ ಕೈ ಇಡಿ; ಬೆಚ್ಚಗಿದ್ದರೆ ಬಿಸಿ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಒಂದು ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿರುತ್ತದೆ, ಅದು ದೊಡ್ಡ ಖರ್ಚಲ್ಲ. ಬಿಸಿಯಾದ ಮೇಲೂ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಹೋಗಿದೆ. ಅಂಥ ಗಾಡಿಯ ಬೆಲೆಯಿಂದ ಬೋರ್ ಕೆಲಸದ ಖರ್ಚನ್ನು ಪೂರ್ತಿ ಕಳೆಯಿರಿ, ಇಲ್ಲವೇ ಬಿಟ್ಟುಬಿಡಿ.

ಆಯಿಲ್ ಕಡ್ಡಿ ತೆಗೆದು ಬೆರಳಿಗೆ ಹಚ್ಚಿಕೊಂಡು ಉಜ್ಜಿ. ಕಪ್ಪಗಿದ್ದರೆ ಚಿಂತೆಯಿಲ್ಲ, ಬದಲಾಯಿಸಿದರಾಯಿತು. ಮರಳಿನಂತೆ ತರಿ ಸಿಕ್ಕರೆ ಅಥವಾ ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಹುಷಾರು. ಕಾಫಿ ಬಣ್ಣ ಎಂದರೆ ಆಯಿಲ್‌ಗೆ ನೀರು ಸೇರಿದೆ. ಮಳೆಗಾಲದಲ್ಲಿ ಅಂಡರ್‌ಪಾಸ್‌ನಲ್ಲಿ ಮುಳುಗಿದ ಗಾಡಿಗಳು ಬೆಂಗಳೂರಿನ ಮಾರುಕಟ್ಟೆಗೆ ಬರುತ್ತಲೇ ಇರುತ್ತವೆ. ಹೆಡ್‌ಲೈಟ್ ಗಾಜಿನೊಳಗೆ, ಮೀಟರ್ ಒಳಗೆ ಕೆಸರಿನ ಗೆರೆ ಇದೆಯೇ ನೋಡಿ. ಆಮೇಲೆ ಮೊಣಕಾಲೂರಿ ಫುಟ್‌ಬೋರ್ಡ್ ಅಡಿಯ ಚಾಸಿಸ್ ನೋಡಿ. ಮೇಲ್ಮೈ ತುಕ್ಕು ಸಹಜ. ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿದಾಗ ಚಕ್ಕೆ ಏಳುವ, ಒಳಗೆ ಹೋಗುವ ತುಕ್ಕಿದ್ದರೆ ಆ ಗಾಡಿ ಬೇಡವೇ ಬೇಡ. ಕರಾವಳಿಯಲ್ಲಿ ಓಡಿದ ಗಾಡಿಗಳಲ್ಲಿ ಇದನ್ನು ಇನ್ನೂ ಗಮನವಿಟ್ಟು ನೋಡಬೇಕು.

ಮೀಟರ್ ರೀಡಿಂಗ್ ನಂಬಬೇಡಿ. ಬ್ರೇಕ್ ಲಿವರ್ ತುದಿ, ಹ್ಯಾಂಡಲ್ ಗ್ರಿಪ್, ಕಿಕ್ಕರ್ ರಬ್ಬರ್ ಸವೆದು ನುಣ್ಣಗಾಗಿರುವಾಗ ಮೀಟರ್ 18,000 ತೋರಿಸುತ್ತಿದ್ದರೆ ಎಲ್ಲೋ ತಪ್ಪಿದೆ.

ಕಾಗದಪತ್ರದ ವಿಷಯ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಂಕಿಗೆ ಅಂಕಿ ಹೋಲಿಸಿ. ಟ್ರಾಫಿಕ್ ದಂಡ ಬಾಕಿ ಇದೆಯೇ, ಸಾಲ ತೀರಿದೆಯೇ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳದೆ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಬೇಕು. ಬೇರೆ ರಾಜ್ಯದ ನೋಂದಣಿಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ, ಎನ್‌ಒಸಿ ತಂದು ಕರ್ನಾಟಕದ ರಸ್ತೆ ತೆರಿಗೆ ಕಟ್ಟುವಷ್ಟರಲ್ಲಿ ಆ ಉಳಿತಾಯ ಕರಗಿರುತ್ತದೆ. ನೋಂದಣಿಯ ಆಯಸ್ಸು 15 ವರ್ಷ: 2012ರ ಗಾಡಿ 2027ರಲ್ಲಿ ಆರ್‌ಟಿಒ ಮುಂದೆ ನಿಂತು ನವೀಕರಣ ಮಾಡಿಸಿಕೊಳ್ಳಬೇಕು. 2019ರ ಏಪ್ರಿಲ್ 1ಕ್ಕಿಂತ ಹಿಂದೆ ನೋಂದಣಿಯಾದ ಗಾಡಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂದೂ ನೋಡಿ.

ಬ್ರೇಕ್, ಟೈರ್, ಮುಂದಿನ ಭಾಗ

ಮೊದಲ ಭಾನುವಾರದ ಕೆಲಸ ಇದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಗೇರ್ ಇರುವುದರಿಂದ ತುಸು ಭಾರ ಅನ್ನಿಸುತ್ತದೆ. ಆದರೆ ಒಂದೇ ಕಡೆ ಉಜ್ಜಿದ ಸದ್ದು, ತಡೆದು ತಡೆದು ತಿರುಗುವುದು ಇರಬಾರದು. ಯಾರಾದರೂ ಹಿಂದೆ ಭಾರ ಹಾಕಿದರೆ ಮುಂದಿನ ಚಕ್ರವೂ ಎದ್ದೇಳುತ್ತದೆ, ಅದನ್ನೂ ಹಾಗೆಯೇ ನೋಡಿ. ಬ್ರೇಕ್ ಬಿಗಿ ಹಿಡಿದಿದ್ದರೆ ಮೈಲೇಜ್ ಇಳಿಯುತ್ತದೆ, ಡ್ರಮ್ ಕಾಯುತ್ತದೆ. ಎಂಜಿನ್ ಮಾತ್ರ ಸುಮ್ಮನೆ ಬೈಸಿಕೊಳ್ಳುತ್ತದೆ.

ಡ್ರಮ್ ಪಕ್ಕದಲ್ಲಿ, ಬ್ರೇಕ್ ತೋಳಿನ ಬುಡದಲ್ಲಿ ಒಂದು ಸಣ್ಣ ಬಾಣದ ಗುರುತಿದೆ. ಬ್ರೇಕನ್ನು ಪೂರ್ತಿ ಹಿಡಿದಾಗ ಆ ಬಾಣ ಪ್ಯಾನೆಲ್ ಮೇಲಿನ ಗೆರೆಗೆ ಬಂದು ಕೂತರೆ ಶೂ (ಡ್ರಮ್‌ಗೆ ಒಳಗಿನಿಂದ ಒತ್ತುವ ಭಾಗ) ಮುಗಿದಿದೆ, ಅಡ್ಜಸ್ಟರ್ ಬಿಗಿ ಮಾಡಿ ಪ್ರಯೋಜನವಿಲ್ಲ. ಶೂ ಬದಲಾಯಿಸುವಾಗ ಎರಡು ಕೆಲಸ ಮರೆಯಬಾರದು. ಒಂದು, ಶೂಗಳನ್ನು ಅಗಲಿಸುವ ಬ್ರೇಕ್ ಕ್ಯಾಮ್ ಹೊರತೆಗೆದು ತುಕ್ಕು ಉಜ್ಜಿ ತೆಳ್ಳಗೆ ಗ್ರೀಸ್ ಹಚ್ಚುವುದು. ಹೊಸ ಶೂ ಹಾಕಿದರೂ ಬ್ರೇಕ್ ಹಿಡಿದುಕೊಳ್ಳುತ್ತದೆ ಅನ್ನುವವರ ಗಾಡಿಯಲ್ಲಿ ಒಣಗಿ ಬಿಗಿದ ಕ್ಯಾಮ್ ಇರುವುದೇ ಹೆಚ್ಚು. ಗ್ರೀಸ್ ಶೂ ಮೇಲೆ, ಡ್ರಮ್ ಒಳಗೆ ಒಂದು ಹನಿಯೂ ಬೀಳಬಾರದು. ಎರಡು, ಡ್ರಮ್‌ನ ದೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೊನೆಗೆ ಲಿವರ್ ತುದಿಯಲ್ಲಿ 10ರಿಂದ 20 ಎಂಎಂ ಸಡಿಲ ಇರುವಂತೆ ಅಡ್ಜಸ್ಟ್ ಮಾಡಿ. ಕಾಂಬಿ ಬ್ರೇಕ್ ಇರುವ ಮಾದರಿಗಳಲ್ಲಿ ಎಡ ಲಿವರ್ ಎರಡೂ ಚಕ್ರಗಳನ್ನು ಹಿಡಿಯುತ್ತದೆ. ಹಿಂದಿನದನ್ನು ಮಾತ್ರ ಸರಿಮಾಡಿ ಮುಂದಿನದನ್ನು ಬಿಟ್ಟರೆ ಈ ಹೊಂದಾಣಿಕೆ ಕೆಡುತ್ತದೆ.

ಟೈರ್ ಅಳತೆ ಎರಡೂ ಕಡೆ 90/100-10. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಕೋಡ್ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ಆರೇಳು ವರ್ಷ ಹಳೆಯದಾಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಒಂದೇ ಟೈರಿಗೆ ದುಡ್ಡಿದ್ದರೆ, ಎರಡರಲ್ಲಿ ಹೆಚ್ಚು ಸವೆದದ್ದಕ್ಕೆ ಹಾಕಿ. ಗಾಳಿ ಮುಂದೆ 22 ಪಿಎಸ್‌ಐ, ಹಿಂದೆ ಒಬ್ಬರೇ ಹೋಗುವಾಗ 29, ಇಬ್ಬರಿದ್ದರೆ 36. ಪೆಟ್ರೋಲ್ ಬಂಕ್‌ನಲ್ಲಿ ಕೇಳದಿದ್ದರೆ ಎರಡಕ್ಕೂ 30 ತುಂಬಿಬಿಡುತ್ತಾರೆ, ಮಳೆಯಲ್ಲಿ ಮುಂದಿನ ಚಕ್ರ ಜಾರುವುದಕ್ಕೆ ಅದೂ ಕಾರಣ.

ಈಗ ಮುಂದಿನ ಚಕ್ರ ಎದ್ದಿರುವಾಗಲೇ ಹ್ಯಾಂಡಲ್ಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಸಣ್ಣ ಗುಂಡಿಗೆ ಬಿದ್ದಂತೆ "ಟಕ್" ಎಂದು ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಬಿಗಿ ಮಾಡಿದರೆ ಹ್ಯಾಂಡಲ್ ಇನ್ನೂ ಗಟ್ಟಿಯಾಗಿ ಗಾಡಿ ಹಾವಿನಂತೆ ಹರಿಯುತ್ತದೆ, ಬದಲಾಯಿಸುವುದೇ ದಾರಿ. ಚಕ್ರ ಹಿಡಿದು ಹಿಂದೆ ಮುಂದೆ ಅಲುಗಿಸಿ. ಕಟಕಟ ಅಂದರೆ ಕೆಳಗಿನ ಲಿಂಕ್‌ನ ಬುಷ್ ಸವೆದಿದೆ. ಬ್ರೇಕ್ ಹಿಡಿದಾಗಲೆಲ್ಲ ಮುಂದೆ ಕೇಳುವ ಸದ್ದು ಹೆಚ್ಚಾಗಿ ಇದರದ್ದೇ.

ಎರಡು ಆಯಿಲ್, ಎರಡು ಬೋಲ್ಟ್

ಹಿಂದಿನವರು ನಿನ್ನೆಯಷ್ಟೇ ಹಾಕಿಸಿದ್ದು ಅಂದರೂ ಎರಡೂ ಆಯಿಲ್ ಬದಲಾಯಿಸಿ. ಎಂಜಿನ್ ಆಯಿಲ್ 10ಡಬ್ಲ್ಯು-30, ಡಬ್ಬಿಯ ಮೇಲೆ ಜಾಸೊ ಎಂಬಿ (ಜಪಾನಿನ ಆಯಿಲ್ ದರ್ಜೆ) ಎಂದಿರಬೇಕು. ಬೈಕಿನ ಆಯಿಲ್‌ಗಳು ಜಾಸೊ ಎಂಎ ದರ್ಜೆಯವು. ಬೈಕಿನ ಕ್ಲಚ್ ಆ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಸ್ಕೂಟರಿನ ಕ್ಲಚ್ ಹೊರಗೆ ಒಣಗಿರುವುದರಿಂದ ಇನ್ನೂ ಜಾರುವ ಆಯಿಲ್ ಹಾಕಬಹುದು, ಮೈಲೇಜಿಗೂ ಒಳ್ಳೆಯದು.

ಎಂಜಿನ್ಅನ್ನು ಐದು ನಿಮಿಷ ಬಿಸಿ ಮಾಡಿ ಡಬಲ್ ಸ್ಟ್ಯಾಂಡ್ ಹಾಕಿ. ಕೆಳಗೆ ಎರಡು ಡ್ರೈನ್ ಬೋಲ್ಟ್ ಇವೆ: ಎಂಜಿನ್ ಅಡಿಯದು ಎಂಜಿನ್ ಆಯಿಲ್‌ಗೆ, ಹಿಂದಿನ ಚಕ್ರದ ಹತ್ತಿರದ್ದು ಗೇರ್ ಆಯಿಲ್‌ಗೆ. ಆತುರದಲ್ಲಿ ಹಿಂದಿನ ಬೋಲ್ಟ್ ಬಿಚ್ಚಿ ಗೇರ್ ಆಯಿಲ್ ಚೆಲ್ಲಿ, ಮುಂದೆ ಹೊಸ ಆಯಿಲ್ ಸುರಿಯುವ ತಪ್ಪು ಬಹಳ ಸಾಮಾನ್ಯ. ಆಗ ಎಂಜಿನ್‌ನಲ್ಲಿ ಎರಡರಷ್ಟು ಆಯಿಲ್, ಗೇರ್‌ನಲ್ಲಿ ಶೂನ್ಯ. ಎಂಜಿನ್‌ಗೆ ಸುಮಾರು 700 ಎಂಎಲ್ ಹಿಡಿಯುತ್ತದೆ, ಗೇರ್‌ಗೆ ಸುಮಾರು 120. ಕಡ್ಡಿಯಲ್ಲಿ ಮಟ್ಟ ನೋಡುವಾಗ ಅದನ್ನು ತಿರುಗಿಸಿ ಬಿಗಿ ಮಾಡಬೇಡಿ, ಸುಮ್ಮನೆ ಇಳಿಬಿಟ್ಟು ತೆಗೆದು ನೋಡಿ. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ. ಅಲ್ಯೂಮಿನಿಯಂ ಮರೆ (ಥ್ರೆಡ್) ಇದು. ಮೈಮೇಲೆ ಬಿದ್ದು ಬಿಗಿದರೆ ಮರೆ ಕಿತ್ತು ಬರುತ್ತದೆ, ಹತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಸಾವಿರ ಹೋಗುತ್ತದೆ.

ಬೆಲ್ಟ್, ರೋಲರ್, ಕ್ಲಚ್

ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಇಬ್ಬರು ಕೂತರೆ ಫ್ಲೈಓವರ್ ಹತ್ತುವುದಿಲ್ಲ. ಹೊರಡುವಾಗ ಗಾಡಿ ಗಡಗಡ ನಡುಗುತ್ತದೆ. ಇವೆಲ್ಲದರ ಉತ್ತರ ಎಂಜಿನ್ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಬೆಲ್ಟ್ ಇರುವ, ಎಡಗಡೆಯ ಉದ್ದನೆಯ ಕವರ್ ಒಳಗಿದೆ. ಹೆಚ್ಚು ಲಾಭ ಕೊಡುವ ಕೆಲಸವೂ ಇಲ್ಲೇ, ಹಾಗಾಗಿ ಸಮಯ ತೆಗೆದುಕೊಂಡು ಮಾಡಿ.

1. ಕಿಕ್ಕರ್ ಬಿಚ್ಚಿ, ಕವರ್ ಬೋಲ್ಟ್‌ಗಳನ್ನು ತೆಗೆಯಿರಿ. ಎಲ್ಲ ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರ್ ಆಕಾರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ.

2. ಬೆಲ್ಟ್ ಮೇಲಿನ ಬಾಣ ಯಾವ ಕಡೆಗಿದೆ ಎಂದು ಫೋಟೊ ತೆಗೆದುಕೊಳ್ಳಿ. ಮುಂದಿನ ಪುಲ್ಲಿಯ ನಟ್ ಬಿಚ್ಚಲು ಪುಲ್ಲಿ ತಿರುಗದಂತೆ ಹಿಡಿಯುವ ಹೋಲ್ಡರ್ ಬೇಕು. ಫ್ಯಾನ್ ಅಥವಾ ಪುಲ್ಲಿಯ ಹಲ್ಲಿಗೆ ಸ್ಕ್ರೂಡ್ರೈವರ್ ಕೊಟ್ಟು ತಡೆಯಬೇಡಿ, ಮುರಿಯುತ್ತದೆ. ಹೋಲ್ಡರ್ ಇಲ್ಲದಿದ್ದರೆ ಈ ಒಂದು ನಟ್ಟನ್ನು ಏರ್ ಗನ್ ಇರುವ ಗ್ಯಾರೇಜಿನಲ್ಲಿ ಬಿಚ್ಚಿಸಿ.

3. ಬೆಲ್ಟನ್ನು ಒಳಮುಖ ಹೊರಗೆ ಬರುವಂತೆ ಬಗ್ಗಿಸಿ, ಹಲ್ಲುಗಳ ಸಂದಿನಲ್ಲಿ ಉಗುರು ಓಡಿಸಿ. ಕೂದಲೆಳೆ ಬಿರುಕು ಕಂಡರೆ, ಅಂಚಿನಲ್ಲಿ ದಾರ ಎದ್ದಿದ್ದರೆ, ಹೊಸ ಬೆಲ್ಟ್ ಪಕ್ಕ ಹಿಡಿದಾಗ ಅಗಲ ಕಡಿಮೆ ಕಂಡರೆ ಬದಲಾಯಿಸಿ. ಚೆನ್ನಾಗಿದ್ದರೂ 24,000 ಕಿಲೋಮೀಟರ್ ದಾಟಿದ್ದರೆ ಅದರ ಮೇಲೆ ಭರವಸೆ ಇಡಬೇಡಿ. ಸವೆದ ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ತಕ್ಕಷ್ಟು ಮೇಲೆ ಏರುವುದಿಲ್ಲ, ಗಾಡಿಯ ಟಾಪ್ ಸ್ಪೀಡ್ ಇಳಿಯುವುದು ಅದಕ್ಕೇ.

4. ವೇರಿಯೇಟರ್ (ಮುಂದಿನ ಪುಲ್ಲಿಯ ಭಾಗ) ಒಳಗೆ ಆರು ರೋಲರ್. ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿ. ದುಂಡಗಿರುವುದು ಸರಾಗ ಉರುಳುತ್ತದೆ, ಒಂದು ಮೈ ಚಪ್ಪಟೆಯಾದದ್ದು ಎರಡು ಸುತ್ತಿಗೆ ತಪ್ಪದೆ ಅದೇ ಮೈ ಕೆಳಗೆ ಮಾಡಿ ನಿಲ್ಲುತ್ತದೆ. ಒಂದು ಚಪ್ಪಟೆಯಾಗಿದ್ದರೂ ಆರನ್ನೂ ಬದಲಾಯಿಸಿ, ಅದೇ ತೂಕದ್ದು. ಪಿಕಪ್ ಜಾಸ್ತಿ ಆಗುತ್ತದೆಂದು ಹಗುರ ರೋಲರ್ ಹಾಕಿಸಿದರೆ ಎಂಜಿನ್ ಸದಾ ಹೆಚ್ಚು ತಿರುಗುತ್ತದೆ, ಪೆಟ್ರೋಲ್ ಕುಡಿಯುತ್ತದೆ.

5. ಹಿಂದಿನ ಕ್ಲಚ್ ಬೆಲ್ ಒಳಗೆ ನೋಡಿ. ನೀಲಿ ಕಲೆ ಇದ್ದರೆ ಕ್ಲಚ್ ಜಾರಿ ಕಾದಿದೆ. ಶೂ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದು ದಪ್ಪ ಇನ್ನೂ ಇದ್ದರೆ 120 ನಂಬರಿನ ಮರಳು ಕಾಗದದಲ್ಲಿ ಹಗುರಾಗಿ ಉಜ್ಜಿದರೆ ಸಾಕು, ಹೊರಡುವಾಗಿನ ನಡುಕ ಬಹುಪಾಲು ಅಲ್ಲಿಗೆ ನಿಲ್ಲುತ್ತದೆ.

6. ಪುಲ್ಲಿಯ ಮುಖಗಳನ್ನು ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬೆಲ್ಟ್ ತಾಗುವ ಜಾಗಕ್ಕೆ ಗ್ರೀಸ್ ತಾಗಲೇಬಾರದು.

ಮರುಜೋಡಣೆಯಲ್ಲಿ ಒಂದೇ ಒಂದು ಅಪಾಯವಿದೆ, ಅದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ. ಹಿಂದಿನ ಪುಲ್ಲಿಯ ಎರಡು ತಟ್ಟೆಗಳನ್ನು ಕೈಯಿಂದ ಅಗಲಿಸಿ, ಬೆಲ್ಟನ್ನು ಅದರೊಳಕ್ಕೆ ಆಳವಾಗಿ ಒತ್ತಿ ಹಿಡಿಯಬೇಕು. ಆಗ ಮುಂದೆ ಬೆಲ್ಟ್ ಸಡಿಲ ಸಿಗುತ್ತದೆ. ಹಾಗೆ ಮಾಡದೆ ಮುಂದಿನ ನಟ್ ಬಿಗಿದರೆ ಬೆಲ್ಟ್ ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡು, ನಟ್ ಬಿಗಿಯಾದಂತೆ ಸುಳ್ಳು ಹೇಳುತ್ತದೆ. ಗಾಡಿ ಸ್ಟಾರ್ಟ್ ಮಾಡಿದಾಗ ಬೆಲ್ಟ್ ತನ್ನ ಜಾಗಕ್ಕೆ ಹೋಗಿ ನಟ್ ಸಡಿಲಾಗುತ್ತದೆ, ಕ್ರ್ಯಾಂಕ್ ಶಾಫ್ಟ್‌ನ ಹಲ್ಲುಗಳು ತಿಂದುಹೋಗುತ್ತವೆ. ಆಮೇಲೆ ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ನಟ್ ಬಿಗಿದ ನಂತರ ಪುಲ್ಲಿಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಬೆಲ್ಟ್ ಬಿಗಿಯಾದ ಮೇಲೆ ನಟ್ಟನ್ನು ಮತ್ತೊಮ್ಮೆ ಪರೀಕ್ಷಿಸಿ.

ಪೆಟ್ರೋಲ್ ಮತ್ತು ಗಾಳಿ

ಹತ್ತು ನಿಮಿಷ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಿ. ಒಣಗಿದ ಇಟ್ಟಿಗೆ ಬಣ್ಣ, ಕಂದು ಬಣ್ಣ ಇದ್ದರೆ ಕಾರ್ಬುರೇಟರ್ ಮುಟ್ಟಬೇಡಿ. ಕಾಡಿಗೆಯಂಥ ಒಣ ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಣ್ಣೆಯಾಗಿ ಒದ್ದೆ ಕಪ್ಪು ಎಂದರೆ ಆಯಿಲ್ ಮೇಲೆ ಬರುತ್ತಿದೆ. ಬಿಳಿ ಇದ್ದರೆ ಗಾಳಿ ಎಲ್ಲಿಂದಲೋ ಸೋರಿ ಒಳಬರುತ್ತಿದೆ.

ಒಣ ಕಪ್ಪು ಕಂಡರೆ ಮೊದಲು ಏರ್ ಫಿಲ್ಟರ್. ಆಕ್ಟಿವಾದ್ದು ಎಣ್ಣೆ ಲೇಪದ ಕಾಗದದ ಫಿಲ್ಟರ್. ಗಾಳಿ ಹೊಡೆಸಿ, ತೊಳೆದು ಮತ್ತೆ ಹಾಕುವಂಥದ್ದಲ್ಲ. ಹಳೆಯದನ್ನು ಎಸೆದು ಹೊಸದು ಹಾಕಿ.

ಬೆಳಿಗ್ಗೆ ಸ್ಟಾರ್ಟ್ ಆಗದೆ ಸತಾಯಿಸುವುದು, ಸಿಗ್ನಲ್‌ನಲ್ಲಿ ಆಫ್ ಆಗುವುದು ಇದ್ದರೆ ಕಾರ್ಬುರೇಟರ್ ಸ್ವಚ್ಛ ಮಾಡಬೇಕು. ಗಾಳಿ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಒಳಕ್ಕೆ ಹಗುರವಾಗಿ ತಿರುಗಿಸುತ್ತ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಡಿ, ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರತೆಗೆಯಿರಿ. ಪೆಟ್ರೋಲ್ ಹಾಯುವ ಸಣ್ಣ ನಳಿಕೆಯಾದ ಜೆಟ್‌ನ ತೂತಿಗೆ ತಂತಿ, ಗುಂಡುಸೂಜಿ ಹಾಕಬಾರದು. ತೂತು ಹಿಗ್ಗಿದರೆ ಮೈಲೇಜ್ ಮತ್ತೆ ಬರುವುದಿಲ್ಲ. ಕ್ಲೀನರ್ ಸ್ಪ್ರೇ ಹೊಡೆದು, ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿ. ಮೇಲಿನ ರಬ್ಬರ್ ಡಯಾಫ್ರಂ ಅನ್ನೂ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಗಾಡಿ ಒಂದು ವೇಗದಾಚೆ ಏಳುವುದಿಲ್ಲ.

ಪೆಟ್ರೋಲ್ ಪೈಪ್, ವ್ಯಾಕ್ಯೂಮ್ ಪೈಪ್ ಎರಡನ್ನೂ ಹೊಸದು ಹಾಕಿ, ಹೆಚ್ಚು ಹಣವಾಗದು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಇದಕ್ಕೆ ಬೇಗ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ತೆಳ್ಳಗಿನ ವ್ಯಾಕ್ಯೂಮ್ ಪೈಪ್ ಎಳೆದಾಗ ಅದರಲ್ಲಿ ಪೆಟ್ರೋಲ್ ಹನಿ ಕಂಡರೆ ಪೆಟ್ರೋಲ್ ಕಾಕ್ ಒಳಗಿನ ಡಯಾಫ್ರಂ ಹರಿದಿದೆ, ಕಾಕ್ ಬದಲಾಯಿಸಿ.

ಬ್ಯಾಟರಿ

ಒಂದು ಅಗ್ಗದ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಇಲ್ಲ. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ. ಎಂಜಿನ್ ಓಡುವಾಗ, ತುಸು ಆಕ್ಸಿಲರೇಟರ್ ಕೊಟ್ಟಾಗ ಸುಮಾರು 14 ವೋಲ್ಟ್ ಬರಬೇಕು. ಅದು ಬರದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ, ಒಂದು ವಾರಕ್ಕೆ ಅದೂ ಮಲಗುತ್ತದೆ. ರೆಗ್ಯುಲೇಟರ್, ಕಾಯಿಲ್ ನೋಡಿಸಬೇಕು. ಬ್ಯಾಟರಿ ಟರ್ಮಿನಲ್‌ನ ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ ವ್ಯಾಸಲೀನ್ ಹಚ್ಚಿ.

ಸಾಮಾನು ಎಲ್ಲಿ, ಯಾವುದು

ಬ್ರೇಕ್ ಶೂ, ಬೆಲ್ಟ್, ಕೇಬಲ್, ಕೋನ್ ಸೆಟ್, ಇವಿಷ್ಟನ್ನು ಕಂಪನಿಯ ಒರಿಜಿನಲ್ ಅಥವಾ ಹೆಸರಾಂತ ತಯಾರಕರದ್ದೇ ಕೊಳ್ಳಿ, ಬಿಲ್ ಕೇಳಿ. ಪ್ಯಾನೆಲ್, ಕನ್ನಡಿ, ಸ್ಟ್ಯಾಂಡ್, ಗ್ರಿಲ್‌ಗೆ ಶಿವಾಜಿನಗರದ ಗುಜರಿ ಸಾಕು. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. 3ಜಿ, 4ಜಿ, 5ಜಿ ಎಂದು ಬಾಯಲ್ಲಿ ಹೇಳಿ ತಂದದ್ದು ಮನೆಗೆ ಬಂದು ಕೂರದೇ ಇರುವುದುಂಟು.

ಲೆಕ್ಕ ಇಡುವುದು

ಟ್ಯಾಂಕ್ ತುಂಬಿಸಿ ಮೀಟರ್ ಬರೆದುಕೊಳ್ಳಿ. ಅದೇ ಬಂಕ್‌ನಲ್ಲಿ ಮತ್ತೆ ತುಂಬಿಸಿದಾಗ ಹಿಡಿದ ಲೀಟರ್‌ನಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. ಮೂರು ಸಲ ಮಾಡಿ ಸರಾಸರಿ ತೆಗೆದರೆ ನಂಬಬಹುದು. ದಿನಕ್ಕೆ 30 ಕಿಲೋಮೀಟರ್‌ನಂತೆ 26 ದಿನ ಅಂದರೆ 780 ಕಿಲೋಮೀಟರ್. ಲೀಟರಿಗೆ 35 ಕೊಡುವ ಗಾಡಿಗೆ 22 ಲೀಟರ್ ಬೇಕು, 45 ಕೊಟ್ಟರೆ 17 ಸಾಕು. ಪೆಟ್ರೋಲ್ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 500 ರೂಪಾಯಿ. ಬೆಲ್ಟ್, ರೋಲರ್, ಫಿಲ್ಟರ್‌ನ ಖರ್ಚು ಕೆಲವೇ ತಿಂಗಳಲ್ಲಿ ಹಿಂದಿರುಗುತ್ತದೆ.

ವಾರಕ್ಕೊಮ್ಮೆ ಗಾಳಿ, ಹದಿನೈದು ದಿನಕ್ಕೊಮ್ಮೆ ಆಯಿಲ್ ಕಡ್ಡಿ, ತಿಂಗಳಿಗೊಮ್ಮೆ ಬ್ರೇಕಿನ ಬಾಣ. ಆಯಿಲ್ ಬದಲಾಯಿಸಿದ ದಿನ ಮತ್ತು ಮೀಟರ್ ರೀಡಿಂಗನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ, ಡಿಕ್ಕಿಯ ಒಳಗೋಡೆಗೆ ಅಂಟಿಸಿಡಿ.